ಕೆಳಮನೆಯ ಅಕ್ಕನ ಪ್ರಶ್ನೆ ಮತ್ತು ಜರ್ಮನ್ ದಾರ್ಶನಿಕರು

ನಾನು ಆರನೆಯ ತರಗತಿಯಲ್ಲಿದ್ದ ವರ್ಷ ನಮ್ಮ ಊರಿನಲ್ಲಿ ಬೀಡಿ ಕಟ್ಟುವವರ ಮುಷ್ಕರ ನಡೆಯಿತು. ಊರೆಂದರೆ ಕಾಸರಗೋಡಿನ ಪೆರ್ಲದಿಂದ ಕರ್ನಾಟಕದ ಗಡಿಯತ್ತ ಸಾಗುವ ರಸ್ತೆಯ ಕೆಳಗಿನ ಒಂದು ಇಳಿಜಾರು. ಹದಿನೈದಿಪ್ಪತ್ತು ಮನೆಗಳು, ಒಂದಿಷ್ಟು ಅಡಿಕೆ ತೋಟ, ಮಧ್ಯಾಹ್ನದ ಊಟವಾದ ಮೇಲೆ ಪ್ರತಿ ಜಗಲಿಯಲ್ಲೂ ತಡಪೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಹೆಂಗಸರು. ಸಾವಿರ ಬೀಡಿಗೆ ಸಿಗುವ ಮಜೂರಿ ಏರಬೇಕೆಂಬುದು ಬೇಡಿಕೆ. ಮುಷ್ಕರ ಮೂರನೆಯ ವಾರಕ್ಕೆ ಕಾಲಿಟ್ಟಾಗ, ಕೆಳಮನೆಯ ಅಕ್ಕ ರಾತ್ರಿ ಬಾಗಿಲು ಹಾಕಿಕೊಂಡು ಬೀಡಿ ಕಟ್ಟುತ್ತಿದ್ದಾರೆ, ಬೆಳಗಿನ ಜಾವ ಗುಡ್ಡದ ಕಾಲುದಾರಿಯಲ್ಲಿ ಗಡಿ ದಾಟಿ ಬೀಡಿ ಕಂಪೆನಿಯ ಆಚೆಯ ಬ್ರಾಂಚಿಗೆ ಕೊಟ್ಟು ಬರುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಅಮ್ಮನೂ ಇನ್ನಿಬ್ಬರೂ ಕೇಳಲು ಹೋದರು. ಅವರ ಹಿಂದೆ ನಾನೂ ಹೋಗಿದ್ದೆ.

ಅಕ್ಕ ಸುಳ್ಳು ಹೇಳಲಿಲ್ಲ. ಅವರ ಗಂಡ ಆಗ ಹಾಸಿಗೆ ಹಿಡಿದಿದ್ದರು. ಹಿಂದಿನ ವಾರದ ಸಭೆಯಲ್ಲಿ ಭಾಷಣ ಮಾಡಿದ ಮುಂದಾಳು, ಚರಿತ್ರೆ ನಮ್ಮ ಕಡೆಗಿದೆ, ಕಾರ್ಮಿಕರ ಗೆಲುವನ್ನು ಯಾರಿಂದಲೂ ತಡೆಯಲಾಗದು ಎಂದಿದ್ದರು. ಅಕ್ಕ ಆ ಮಾತನ್ನೇ ಹಿಡಿದು ತುಳುವಿನಲ್ಲಿ ಕೇಳಿದರು: "ಹೇಗಿದ್ದರೂ ಗೆಲ್ಲುತ್ತೇವಂತಲ್ಲ, ಹಾಗಾದರೆ ನಾನು ಕಟ್ಟಿದ ನಾಲ್ಕು ಸಾವಿರ ಬೀಡಿಯಿಂದ ಅದು ನಿಂತುಹೋಗುತ್ತದಾ?" ಅಮ್ಮನಿಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಒಂದು ವರ್ಷ ಎರಡು ಮನೆಗಳ ನಡುವೆ ಮಾತಿರಲಿಲ್ಲ; ಬೇಲಿಯ ಮೇಲಿಂದ ಬಸಳೆ, ಹರಿವೆ ಹೋಗಿಬರುವುದೂ ನಿಂತುಹೋಯಿತು.

ಈ ಪ್ರಶ್ನೆಯನ್ನು ನಾನು ಎರಡನೆಯ ಸಲ ಕೇಳಿದ್ದು ಇಪ್ಪತ್ತೈದು ವರ್ಷಗಳ ನಂತರ, ಶಾಲೆಯಲ್ಲಿ ಪಾಠ ಹೇಳುತ್ತಾ ಅಂಚೆಯ ಮೂಲಕ ತತ್ತ್ವಶಾಸ್ತ್ರದ ಎಂ.ಎ. ಓದುತ್ತಿದ್ದಾಗ. ಜರ್ಮನ್ ಭಾಷೆ ನನಗೆ ಬಾರದು. ಓದಿದ್ದೆಲ್ಲ ಇಂಗ್ಲಿಷ್ ಅನುವಾದಗಳಲ್ಲಿ ಮತ್ತು ವಿವರಣೆಗಳಲ್ಲಿ. ವಿಯೆನ್ನಾದ ಒಟ್ಟೊ ಬೌವರ್ ಎಂಬ ಇಪ್ಪತ್ತನಾಲ್ಕು ವರ್ಷದ ತರುಣ 1906ರಲ್ಲಿ ಮಾರ್ಕ್ಸ್‌ವಾದ ಮತ್ತು ನೀತಿಯ ಸಂಬಂಧವನ್ನು ಕುರಿತು ಒಂದು ಲೇಖನ ಬರೆದ. ಅದು ಪ್ರಕಟವಾದದ್ದು ಮಾರ್ಕ್ಸ್‌ವಾದಿ ಚಿಂತಕ ಕಾರ್ಲ್ ಕೌಟ್ಸ್ಕಿ ನಡೆಸುತ್ತಿದ್ದ ಪತ್ರಿಕೆಯಲ್ಲಿ. ಟೀಕಿಸಿದ್ದು ನೀತಿಯನ್ನು ಕುರಿತ ಕೌಟ್ಸ್ಕಿಯ ಪುಸ್ತಕವನ್ನೇ. ಬೌವರ್‌ನ ಲೇಖನದಲ್ಲಿ ಕೆಲಸವಿಲ್ಲದ ಒಬ್ಬ ಕಾರ್ಮಿಕ ಬರುತ್ತಾನೆ. ಮನೆಯಲ್ಲಿ ಹಸಿವು ಇದೆ. ಮುಷ್ಕರ ನಡೆಯುತ್ತಿರುವ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಸಿಗುತ್ತದೆ. ಹೋಗಬಹುದೇ ಎಂದು ಅವನು ಕೇಳುತ್ತಾನೆ. ಬಂಡವಾಳಶಾಹಿಯ ಬೆಳವಣಿಗೆ ಹೇಗೆ ಆಗುತ್ತದೆ, ಕಾರ್ಮಿಕ ವರ್ಗ ಏಕೆ ಗೆಲ್ಲುತ್ತದೆ ಎಂಬುದನ್ನು ಅವನಿಗೆ ಎಷ್ಟು ಸೊಗಸಾಗಿ ವಿವರಿಸಿದರೂ ಅವನು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಅವನು ಕೇಳುತ್ತಿರುವುದು ಏನಾಗುತ್ತದೆ ಎಂದಲ್ಲ, ತಾನು ಏನು ಮಾಡಬೇಕು ಎಂದು. ಇಲ್ಲಿಗೆ ಬಂದಾಗ ಮಾರ್ಕ್ಸ್‌ನ ಜತೆಗೆ ಕಾಂಟ್ ಕೂಡ ಬೇಕು ಎನ್ನುತ್ತಾನೆ ಬೌವರ್. ಓದುತ್ತಿದ್ದ ನನ್ನ ಕಣ್ಣೆದುರಿಗೆ ಕೆಳಮನೆಯ ಜಗಲಿ ಬಂದು ನಿಂತಿತು.

ಸಮಾಜವಾದ ಬರುತ್ತದೆ ಎನ್ನುವುದು ಒಂದು ಮಾತು, ಬರಬೇಕು ಎನ್ನುವುದು ಇನ್ನೊಂದು ಮಾತು. ಜರ್ಮನ್ ಚಿಂತನೆಯ ಸುಮಾರು ಇನ್ನೂರು ವರ್ಷಗಳಲ್ಲಿ ಈ ಎರಡು ಮಾತುಗಳ ನಡುವೆ ನಡೆದ ಜಗ್ಗಾಟವನ್ನು, ನನಗೆ ಮುಖ್ಯವೆನಿಸಿದ ಕಡೆಗಳಲ್ಲಿ ನಿಂತು, ಇಲ್ಲಿ ಬರೆಯುತ್ತಿದ್ದೇನೆ.

ಜಗ್ಗಾಟದ ಒಂದು ತುದಿ ಕ್ಯೋನಿಗ್ಸ್‌ಬರ್ಗ್ ಪಟ್ಟಣದಲ್ಲಿದೆ. ಕುದುರೆಯ ಜೀನು, ಪಟ್ಟಿಗಳನ್ನು ಹೊಲಿಯುವ ಕಸುಬುದಾರನ ಮಗನಾಗಿ 1724ರಲ್ಲಿ ಹುಟ್ಟಿದ ಇಮ್ಮಾನುಯೆಲ್ ಕಾಂಟ್ ಸಮಾಜವಾದಿಯಲ್ಲ. ಆ ಪದವೇ ಆಗ ಇರಲಿಲ್ಲ. ಆದರೆ 1785ರಲ್ಲಿ ನೀತಿಯ ತಳಹದಿಯನ್ನು ಕುರಿತು ಅವನು ಪ್ರಕಟಿಸಿದ ಚಿಕ್ಕ ಪುಸ್ತಕದಲ್ಲಿ ಎರಡು ಮಾತುಗಳಿವೆ. ಮನುಷ್ಯತ್ವವನ್ನು, ಅದು ನಿನ್ನಲ್ಲಿರಲಿ ಪರರಲ್ಲಿರಲಿ, ಬರಿಯ ಸಾಧನವಾಗಿ ಎಂದೂ ಬಳಸಬೇಡ, ಯಾವಾಗಲೂ ಅದನ್ನು ಗುರಿಯಾಗಿಯೂ ಕಾಣು ಎಂಬುದು ಒಂದು. ಜಗತ್ತಿನಲ್ಲಿ ಪ್ರತಿಯೊಂದಕ್ಕೂ ಒಂದೋ ಬೆಲೆ ಇರುತ್ತದೆ ಇಲ್ಲವೆ ಘನತೆ ಇರುತ್ತದೆ, ಬೆಲೆ ಇರುವುದರ ಜಾಗದಲ್ಲಿ ಅದಕ್ಕೆ ಸಮನಾದ ಇನ್ನೊಂದನ್ನು ಇಡಬಹುದು, ಘನತೆ ಇರುವುದಕ್ಕೆ ಬದಲಿಯೇ ಇಲ್ಲ ಎಂಬುದು ಇನ್ನೊಂದು.

ಈ ಎರಡನೆಯ ಮಾತನ್ನು ಕನ್ನಡದಲ್ಲಿ ಹೇಳಹೊರಟರೆ ಒಂದು ತೊಡಕು ಬರುತ್ತದೆ, ಅದು ನನಗೆ ಬಹಳ ಇಷ್ಟವಾದ ತೊಡಕು. ಮನುಷ್ಯರನ್ನು ಕೀಳಾಗಿ ಕಂಡಾಗ ನಾವು "ಇಲ್ಲಿ ಮನುಷ್ಯನಿಗೆ ಬೆಲೆಯೇ ಇಲ್ಲ" ಎಂದು ದೂರುತ್ತೇವೆ. ಕಾಂಟ್ ಕೇಳಿಸಿಕೊಂಡಿದ್ದರೆ, ಹೌದು, ಅದೇ ಸರಿ, ಮನುಷ್ಯನಿಗೆ ಬೆಲೆ ಇರಲೇಬಾರದು ಎನ್ನುತ್ತಿದ್ದ. ನಮ್ಮ ಮಾತಿನಲ್ಲಿ ಬೆಲೆ ಎಂಬ ಒಂದೇ ಪದ ಅಂಗಡಿಯ ದರಕ್ಕೂ ಮನುಷ್ಯನ ಮರ್ಯಾದೆಗೂ ಸಲ್ಲುತ್ತದೆ. ಅಮ್ಮ ಬ್ರಾಂಚಿನಿಂದ ಮರಳಿ ಬಂದು, ಕಳಪೆಯೆಂದು ಪಕ್ಕಕ್ಕೆ ತೆಗೆದಿಟ್ಟ ಬೀಡಿಗೆ ಮಜೂರಿಯೂ ಇಲ್ಲ, ಆ ಬೀಡಿ ಹಿಂದಕ್ಕೂ ಇಲ್ಲ ಎಂದು ಹೇಳಿ, "ನಮ್ಮ ಕೆಲಸಕ್ಕೆ ಬೆಲೆಯೇ ಇಲ್ಲ" ಎನ್ನುತ್ತಿದ್ದಾಗ ಅವರು ದರದ ಮಾತಾಡುತ್ತಿದ್ದರೋ ಮರ್ಯಾದೆಯ ಮಾತಾಡುತ್ತಿದ್ದರೋ ಎಂದು ಬಿಡಿಸಿ ಹೇಳುವುದು ಕಷ್ಟ. ಎರಡನ್ನೂ ಹೇಳುತ್ತಿದ್ದರು ಎಂದೇ ನನಗೆ ಅನಿಸುತ್ತದೆ, ಮತ್ತು ಸಮಾಜವಾದದ ನೈತಿಕ ಪ್ರಶ್ನೆ ಹುಟ್ಟುವುದು ಆ ಎರಡು ಅರ್ಥಗಳ ಸಂದಿಯಲ್ಲಿಯೇ: ಕೆಲಸಕ್ಕೆ ದರ ಕಟ್ಟಬಹುದು, ಕೆಲಸ ಮಾಡುವ ಕೈಯಿಂದ ಮನುಷ್ಯನನ್ನು ಬೇರ್ಪಡಿಸಿ ಇಡಲಾಗದಿರುವಾಗ, ಕೆಲಸಕ್ಕೆ ಕಟ್ಟಿದ ದರ ಎಲ್ಲಿಗೆ ಮುಗಿಯುತ್ತದೆ?

ಕಾಂಟ್‌ನ ಮಾತಿನಲ್ಲಿ "ಬರಿಯ" ಎಂಬ ಪದವನ್ನು ಬಿಟ್ಟು ಓದುವವರು ಬಹಳ ಮಂದಿ. ಒಬ್ಬರನ್ನೊಬ್ಬರು ಸಾಧನವಾಗಿ ಬಳಸದೆ ಒಂದು ದಿನವೂ ಬದುಕಲಾರೆವು. ನನ್ನನ್ನು ಶಾಲೆಗೆ ತಲಪಿಸುವ ಬಸ್ಸಿನ ಚಾಲಕ ನನಗೆ ಸಾಧನವೇ, ಅವನ ಮಗುವಿಗೆ ಲೆಕ್ಕ ಕಲಿಸುವ ನಾನು ಅವನಿಗೆ ಸಾಧನವೇ. ತಪ್ಪು ಬರುವುದು ಎದುರಿಗಿರುವವರು ಅಷ್ಟೇ ಆಗಿಬಿಟ್ಟಾಗ. ಇದಕ್ಕೆ ಉದಾರವಾದಿಗಳ ಉತ್ತರ ಸುಲಭ: ಒಪ್ಪಿಗೆ ಪಡೆದರೆ ಸಾಕು, ಇಷ್ಟು ಮಜೂರಿಗೆ ಕಟ್ಟುತ್ತೇನೆಂದು ಅಮ್ಮನೇ ಒಪ್ಪಿದ್ದಾರೆ, ಆದ್ದರಿಂದ ಅವರನ್ನು ಗುರಿಯಾಗಿಯೂ ಕಂಡಂತಾಯಿತು. ಆದರೆ ಕಾಂಟ್ ಅಲ್ಲಿಗೆ ನಿಲ್ಲಿಸುವುದಿಲ್ಲ. ಗುರಿಗಳ ರಾಜ್ಯ ಎಂಬ ಕಲ್ಪನೆಯೊಂದನ್ನು ಅವನು ಮುಂದಿಡುತ್ತಾನೆ. ಅದರಲ್ಲಿ ಪ್ರತಿಯೊಬ್ಬನೂ ನಿಯಮಕ್ಕೆ ಒಳಪಟ್ಟವನು ಮತ್ತು ಅದೇ ನಿಯಮವನ್ನು ಮಾಡಿದವನು. ಬ್ರಾಂಚಿನ ನಿಯಮವನ್ನು ಯಾರು ಮಾಡಿದರು ಎಂದು ಕೇಳಿದೊಡನೆ ಒಪ್ಪಿಗೆಯ ಉತ್ತರ ತೆಳುವಾಗುತ್ತದೆ.

ಕಾಂಟ್‌ನಿಗೆ ತನ್ನ ಮಾತು ಎಲ್ಲಿಯವರೆಗೆ ಹೋಗುತ್ತದೆಂದು ತಿಳಿದಿತ್ತೇ? 1797ರ ಪುಸ್ತಕದಲ್ಲಿ ಅವನು ಮತಾಧಿಕಾರವನ್ನು ಯಾರಿಗೆ ಕೊಡಬಾರದು ಎಂದು ಪಟ್ಟಿ ಮಾಡುತ್ತಾನೆ: ಮನೆಯಾಳು, ಅಂಗಳದಲ್ಲಿ ಸೌದೆ ಒಡೆಯುವವನು, ಎಲ್ಲ ಹೆಂಗಸರು, ಅವರ ಜತೆಗೆ, ಸುತ್ತಿಗೆ, ಅಡಿಗಲ್ಲು, ತಿದಿ ಹೊತ್ತುಕೊಂಡು ಮನೆಮನೆಗೆ ಹೋಗಿ ಕಬ್ಬಿಣದ ಕೆಲಸ ಮಾಡಿಕೊಡುವ ಇಂಡಿಯಾದ ಕಮ್ಮಾರ. ಯುರೋಪಿನ ಕಮ್ಮಾರ ತಾನು ಮಾಡಿದ ವಸ್ತುವನ್ನು ಮಾರುತ್ತಾನೆ, ಆದ್ದರಿಂದ ಸ್ವತಂತ್ರ. ಇಂಡಿಯಾದವನು ತನ್ನ ದುಡಿಮೆಯನ್ನೇ ಮಾರುತ್ತಾನೆ, ಆದ್ದರಿಂದ ಪರಾಧೀನ. ಕ್ಯೋನಿಗ್ಸ್‌ಬರ್ಗಿನ ಸುತ್ತಮುತ್ತಲು ಬಿಟ್ಟು ಎಲ್ಲಿಗೂ ಹೋಗದಿದ್ದ ಈ ಮನುಷ್ಯನಿಗೆ ನಮ್ಮ ಕಮ್ಮಾರ ಏಕೆ ನೆನಪಾದನೋ, ಓದಿದಾಗ ನಗು ಬಂತು. ಆಮೇಲೆ ನಗು ಹೋಯಿತು. ಎಲೆ ಕಂಪೆನಿಯದು, ಹೊಗೆಸೊಪ್ಪು ಕಂಪೆನಿಯದು, ನೂಲು ಕಂಪೆನಿಯದು. ಅಮ್ಮನದು ಬೆರಳು ಮಾತ್ರ. ಕಾಂಟ್‌ನ ಲೆಕ್ಕದಲ್ಲಿ ಅಮ್ಮ ಆ ಕಮ್ಮಾರನ ಪಕ್ಕದಲ್ಲಿಯೇ ನಿಲ್ಲುತ್ತಾರೆ. ದುಡಿಮೆಯನ್ನು ಮಾರುವವನು ಸ್ವತಂತ್ರನಲ್ಲ ಎಂದು ಅವನು ಸರಿಯಾಗಿಯೇ ಕಂಡಿದ್ದ. ಆದ್ದರಿಂದ ಅವನನ್ನು ಸ್ವತಂತ್ರನನ್ನಾಗಿ ಮಾಡಬೇಕು ಎನ್ನುವ ಬದಲು ಅವನಿಗೆ ಮತ ಬೇಡ ಎಂದುಬಿಟ್ಟ. ಅದೇ ಗ್ರಂಥದ ಇನ್ನೊಂದು ಭಾಗದಲ್ಲಿ, ಶ್ರೀಮಂತರಿಗೆ ದಾನ ಮಾಡುವ ಶಕ್ತಿ ಬರುವುದೇ ಬಹುಮಟ್ಟಿಗೆ ಸರಕಾರದ ಅನ್ಯಾಯದಿಂದ ಕೆಲವರಿಗೆ ಅನುಕೂಲವಾದುದರಿಂದ, ಹಾಗಿರುವಾಗ ಅದು ದಾನ ಎನಿಸಿಕೊಳ್ಳಲು ಅರ್ಹವೇ ಎಂದು ಕೇಳುತ್ತಾನೆ. ಒಂದೇ ತಲೆಯಲ್ಲಿ ಎರಡೂ ಇದ್ದವು.

ಇದನ್ನು ಹಿಡಿದು ಮುಂದೆ ಹೋದವನು ಫಿಖ್ಟೆ, ರಿಬ್ಬನ್ ನೇಯುವವನ ಮಗ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಎಲ್ಲರೂ ಮರೆತಿರುವ, ಮರೆಯಬಾರದ ಮನುಷ್ಯ ಇವನು. 1796-97ರಲ್ಲಿ ಹಕ್ಕುಗಳ ಮೂಲವನ್ನು ಕುರಿತು ಬರೆಯುತ್ತಾ ಫಿಖ್ಟೆ ಆಸ್ತಿಯ ಅರ್ಥವನ್ನೇ ತಿರುಗಿಸುತ್ತಾನೆ. ಆಸ್ತಿ ಎಂದರೆ ವಸ್ತುವಿನ ಮೇಲಿನ ಹಕ್ಕಲ್ಲ, ಒಂದು ಕೆಲಸವನ್ನು ಮಾಡುವ ಹಕ್ಕು. ಆ ಕೆಲಸದಿಂದ ಬದುಕಲು ಆಗಬೇಕು ಎಂಬುದು ಅದರ ಉದ್ದೇಶ. ಸಮಾಜದಲ್ಲಿ ಎಲ್ಲರೂ ಒಬ್ಬರ ಆಸ್ತಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡಿರುವುದು ತಮ್ಮ ತಮ್ಮ ದುಡಿಮೆಯಿಂದ ತಾವು ಬದುಕಬಹುದು ಎಂಬ ಷರತ್ತಿನ ಮೇಲೆ. ಒಬ್ಬನಿಗೆ ದುಡಿದು ಬದುಕಲು ಆಗದ ಸ್ಥಿತಿ ಬಂತೆಂದರೆ ಅವನ ಮಟ್ಟಿಗೆ ಒಪ್ಪಂದ ಮುರಿಯಿತು. ಆ ಗಳಿಗೆಯಿಂದ ಇನ್ನೊಬ್ಬರ ಆಸ್ತಿಯನ್ನು ಮಾನ್ಯ ಮಾಡುವ ಕಟ್ಟುಪಾಡು ಅವನಿಗಿಲ್ಲ. ಆದ್ದರಿಂದ ಅವನಿಗೆ ನೆರವಾಗುವುದು ಉಳಿದವರ ದಯೆಯಲ್ಲ, ಒಪ್ಪಂದ ಉಳಿಯಬೇಕಾದರೆ ಅವರು ಕೊಡಬೇಕಾದ ಪಾಲು. ನಮ್ಮಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಒಕ್ಕಲುಗಳ ಹಕ್ಕುಗಳಿದ್ದವಲ್ಲ, ಚಾಲಗೇಣಿಯವನನ್ನು ಧಣಿ ಬೇಕೆಂದಾಗ ಎಬ್ಬಿಸಬಹುದಾಗಿತ್ತು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿಯೇ ಇಲ್ಲವಾಯಿತು. ಆ ಕಾಯಿದೆಯ ಹಿಂದೆ ಇದ್ದ ತರ್ಕ, ಭೂಮಿಯ ಮೇಲಿನ ಹಕ್ಕು ಅಲ್ಲಿ ಗೇಯುವ ಕೆಲಸದಿಂದ ಹುಟ್ಟುತ್ತದೆ ಎಂಬ ತರ್ಕ, ಫಿಖ್ಟೆಯ ಹೆಸರನ್ನೇ ಕೇಳದವರ ಬಾಯಲ್ಲಿ ಫಿಖ್ಟೆಯ ತರ್ಕವಾಗಿತ್ತು.

ಅವನ ಎಲ್ಲ ಮಾತನ್ನೂ ನಾನು ಒಪ್ಪುತ್ತೇನೆಂದಲ್ಲ. 1800ರಲ್ಲಿ ಅವನು ಮುಚ್ಚಿದ ವ್ಯಾಪಾರದ ರಾಜ್ಯವೊಂದನ್ನು ಕಲ್ಪಿಸಿ ಬರೆದ ಪುಸ್ತಕದಲ್ಲಿ, ಯಾವ ಕಸುಬಿನಲ್ಲಿ ಎಷ್ಟು ಮಂದಿ ಇರಬೇಕೆಂದು ಸರಕಾರ ನಿರ್ಣಯಿಸುತ್ತದೆ, ದರಗಳನ್ನು ಗೊತ್ತುಮಾಡುತ್ತದೆ, ಹೊರನಾಡಿನ ಜತೆಗಿನ ಪ್ರಜೆಗಳ ವ್ಯಾಪಾರವನ್ನು ನಿಲ್ಲಿಸುತ್ತದೆ. ಎಲ್ಲರಿಗೂ ಅನ್ನ ಸಿಗಬೇಕಾದರೆ ಗಡಿ ಮುಚ್ಚಬೇಕು ಎಂಬ ವಾದ ಕಾಗದದ ಮೇಲೆ ಅಚ್ಚುಕಟ್ಟಾಗಿದೆ. ಆದರೆ 2020ರ ಮಾರ್ಚಿಯಲ್ಲಿ ಗಡಿ ರಸ್ತೆಗಳ ಮೇಲೆ ಮಣ್ಣು ಸುರಿದು ದಾರಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಯನ್ನೇ ನಂಬಿಕೊಂಡಿದ್ದ ಕಾಸರಗೋಡಿನ ರೋಗಿಗಳ ಪಾಡು ಏನಾಯಿತೆಂದು ಕಂಡ ನಮ್ಮಂಥವರಿಗೆ ಮುಚ್ಚಿದ ಗಡಿಯ ಮೇಲೆ ಭರವಸೆ ಇಡುವುದು ಸಾಧ್ಯವಿಲ್ಲ.

ಹೆಗೆಲ್‌ನನ್ನು ಇಲ್ಲಿ ಬೇಗ ದಾಟುತ್ತೇನೆ, ಅವನ ಬಗ್ಗೆ ಬರೆಯತೊಡಗಿದರೆ ಬರವಣಿಗೆ ಮುಗಿಯುವುದಿಲ್ಲ. ಕಾನೂನು ಮತ್ತು ರಾಜ್ಯವನ್ನು ಕುರಿತು 1820ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಎರಡು ಕಡೆಗಳು ನನಗೆ ಬೇಕು. ಪ್ರಾಣವೇ ಹೋಗುವ ಸ್ಥಿತಿಯಲ್ಲಿ ಪರರ ಸೊತ್ತನ್ನು ಮುಟ್ಟುವುದು ದಯೆಯಿಂದ ಮನ್ನಿಸಬೇಕಾದ ತಪ್ಪಲ್ಲ, ಸಂಕಟದಲ್ಲಿರುವವನ ಹಕ್ಕು ಎನ್ನುತ್ತಾನೆ ಒಂದು ಕಡೆ. ಸಂಪತ್ತು ಎಷ್ಟೇ ಮಿತಿಮೀರಿದ್ದರೂ ಬಡತನವನ್ನು ತಡೆಯುವಷ್ಟು ಶ್ರೀಮಂತವಾಗಿ ಈ ಸಮಾಜ ಇಲ್ಲ ಎನ್ನುತ್ತಾನೆ ಇನ್ನೊಂದು ಕಡೆ. ದಾನ ಕೊಟ್ಟರೆ ಪಡೆದವರ ಸ್ವಾಭಿಮಾನ ಕುಂದುತ್ತದೆ, ಕೆಲಸ ಕೊಟ್ಟರೆ ಕೊಳ್ಳುವವರಿಲ್ಲದ ಸರಕು ಇನ್ನಷ್ಟು ರಾಶಿ ಬೀಳುತ್ತದೆ. ಮುಂದೇನು ಎಂಬುದಕ್ಕೆ ಅವನಲ್ಲಿ ಒಪ್ಪುವಂಥ ಉತ್ತರವಿಲ್ಲ. ಉತ್ತರ ಹುಡುಕಿದ್ದು ಅವನ ನಂತರದ ಪೀಳಿಗೆ.

1843ರ ಜುಲೈಯಲ್ಲಿ, ಹೆಗೆಲ್ ಓದಿದ್ದ ಟ್ಯೂಬಿಂಗೆನ್‌ನಲ್ಲಿಯೇ ಓದಿ ಬಂದಿದ್ದ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದರು. ನಮ್ಮ ಸೀಮೆಗೆ ಜರ್ಮನರೆಂದರೆ ಇವತ್ತಿಗೂ ಬಾಸೆಲ್ ಮಿಶನ್ನು, ಅವರ ಹೆಂಚು, ಅವರ ಮಗ್ಗ, ಅವರ ನಿಘಂಟು. ಆ ಪತ್ರಿಕೆ ಹೊರಟ ಕೆಲವು ತಿಂಗಳುಗಳಲ್ಲಿಯೇ ಇನ್ನೊಬ್ಬ ಜರ್ಮನ್, ಇಪ್ಪತ್ತೈದರ ಕಾರ್ಲ್ ಮಾರ್ಕ್ಸ್, ಹೆಗೆಲ್‌ನ ಅದೇ ಗ್ರಂಥದ ವಿಮರ್ಶೆಗೆ ಒಂದು ಮುನ್ನುಡಿ ಬರೆದ. ಅದು 1844ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ಧರ್ಮವನ್ನು ಅಫೀಮಿಗೆ ಹೋಲಿಸಿದ ಸಾಲಿನಿಂದ ಅದು ಎಲ್ಲರಿಗೂ ಗೊತ್ತು. ಆದರೆ ಮುಂದಿನ ಪುಟಗಳಲ್ಲಿ, ಮನುಷ್ಯನನ್ನು ಹೀನನನ್ನಾಗಿ, ದಾಸನನ್ನಾಗಿ, ದಿಕ್ಕಿಲ್ಲದವನನ್ನಾಗಿ, ತಿರಸ್ಕಾರಕ್ಕೆ ಗುರಿಯಾದವನನ್ನಾಗಿ ಮಾಡುವ ಎಲ್ಲ ಸಂಬಂಧಗಳನ್ನು ಕಿತ್ತೊಗೆಯುವುದು ನಮ್ಮ ನಿರಪೇಕ್ಷ ಆದೇಶ ಎಂದು ಅವನು ಬರೆಯುತ್ತಾನೆ. ನಿರಪೇಕ್ಷ ಆದೇಶ ಎಂಬುದು ಕಾಂಟ್‌ನ ಪಾರಿಭಾಷಿಕ ಪದ, ಯಾವ ಷರತ್ತೂ ಇಲ್ಲದೆ ಪಾಲಿಸಲೇಬೇಕಾದ ನೀತಿಯ ಆಜ್ಞೆ ಎಂದು ಅದರ ಅರ್ಥ. ಮಾರ್ಕ್ಸ್ ಅದನ್ನು ಬೇಕೆಂದೇ ಎತ್ತಿಕೊಂಡಿದ್ದಾನೆ.

ಅದೇ ಮನುಷ್ಯ ಇಪ್ಪತ್ತು ವರ್ಷಗಳ ನಂತರ ನೀತಿಯ ಮಾತೆತ್ತಿದರೆ ಮುಖ ಸಿಂಡರಿಸುತ್ತಾನೆ. 1864ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘದ ನಿಯಮಾವಳಿಯಲ್ಲಿ ಸತ್ಯ, ನೀತಿ, ನ್ಯಾಯ ಮುಂತಾದ ಪದಗಳನ್ನು ಸೇರಿಸಬೇಕಾಗಿ ಬಂದಾಗ, ಅವುಗಳಿಂದ ಹಾನಿಯಾಗದಂಥ ಜಾಗದಲ್ಲಿ ಇಟ್ಟಿದ್ದೇನೆ ಎಂದು ಗೆಳೆಯ ಎಂಗೆಲ್ಸ್‌ಗೆ ಕಾಗದ ಬರೆದ. 1867ರ ಬಂಡವಾಳ ಗ್ರಂಥದಲ್ಲಿ, ದುಡಿಮೆಯ ಶಕ್ತಿಯನ್ನು ಒಂದು ದಿನಕ್ಕೆ ಕೊಂಡವನು ಅದರಿಂದ ಕೊಟ್ಟದ್ದಕ್ಕಿಂತ ಹೆಚ್ಚು ಪಡೆಯುವುದು ಕೊಂಡವನ ಅದೃಷ್ಟ, ಮಾರಿದವನಿಗೆ ಆದ ಅನ್ಯಾಯವಲ್ಲ ಎನ್ನುತ್ತಾನೆ. ಅದೇ ಗ್ರಂಥದಲ್ಲಿ ಬಂಡವಾಳವನ್ನು ರಕ್ತ ಹೀರುವ ಸತ್ತ ದುಡಿಮೆ ಎಂದೂ ಕರೆಯುತ್ತಾನೆ. ಜರ್ಮನ್ ಕಾರ್ಮಿಕ ಪಕ್ಷದ ಗೋಥಾ ಕಾರ್ಯಕ್ರಮವನ್ನು ಟೀಕಿಸಿದ 1875ರ ಬರಹದಲ್ಲಿ ನ್ಯಾಯವಾದ ಹಂಚಿಕೆ, ಸಮಾನ ಹಕ್ಕು ಎಂಬವು ಹಳಸಿದ ಮಾತುಗಳು ಎಂದು ಬದಿಗೆ ತಳ್ಳುತ್ತಾನೆ, ಅದೇ ಪುಟಗಳಲ್ಲಿ ಪ್ರತಿಯೊಬ್ಬನಿಂದ ಅವನ ಶಕ್ತಿಗೆ ತಕ್ಕಂತೆ, ಪ್ರತಿಯೊಬ್ಬನಿಗೆ ಅವನ ಅಗತ್ಯಕ್ಕೆ ತಕ್ಕಂತೆ ಎಂಬ ಸೂತ್ರವನ್ನು ಎತ್ತಿಹಿಡಿಯುತ್ತಾನೆ. ಇದು ನೀತಿಯಲ್ಲದಿದ್ದರೆ ಮತ್ತೇನು?

ಮಾರ್ಕ್ಸ್‌ನ ಈ ಮುನಿಸಿಗೆ ಕಾರಣವಿತ್ತು ಎಂಬುದನ್ನು ನಾನು ಮರೆಯುವುದಿಲ್ಲ. 1840ರ ದಶಕದಲ್ಲಿ ನಿಜವಾದ ಸಮಾಜವಾದಿಗಳು ಎಂದು ತಮ್ಮನ್ನು ಕರೆದುಕೊಂಡ ಕೆಲವು ಜರ್ಮನರು ಮನುಷ್ಯಪ್ರೇಮದ ಬೋಧನೆಯನ್ನೇ ರಾಜಕಾರಣವೆಂದು ತಿಳಿದಿದ್ದರು. 1848ರ ಕಮ್ಯುನಿಸ್ಟ್ ಪ್ರಣಾಳಿಕೆಯಲ್ಲಿ ಅವರಿಗೆ ಒಳ್ಳೆಯ ಏಟು ಬಿದ್ದಿದೆ. ನೀತಿಯ ಮಾತು ಉಳ್ಳವರ ಬಾಯಲ್ಲಿ ಹೇಗೆ ಕೇಳಿಸುತ್ತದೆಂದು ನಮಗೂ ಗೊತ್ತು. ಧಣಿಗಳು ಒಕ್ಕಲನ್ನು ಮಕ್ಕಳಂತೆ ನೋಡಿಕೊಂಡರು ಎಂಬ ಮಾತನ್ನು ನಮ್ಮ ಕಡೆಯ ಮದುವೆ ಮನೆಗಳ ಜಗಲಿಯಲ್ಲಿ ಈಗಲೂ ಕೇಳಬಹುದು. ಹೇಳುವವರು ಯಾವಾಗಲೂ ಧಣಿಗಳ ಮನೆಯವರೇ.

ಆದರೆ ಬೋಧನೆ ಬೇಡವೆಂದು ನೀತಿಯನ್ನೇ ಹೊರಗಿಟ್ಟರೆ ಏನಾಗುತ್ತದೆ ಎಂಬುದನ್ನು ರುಡಾಲ್ಫ್ ಸ್ಟಾಮ್ಲರ್ ಎಂಬ ನ್ಯಾಯಶಾಸ್ತ್ರಜ್ಞ ಒಂದು ಹಾಸ್ಯದಿಂದ ಕಾಣಿಸಿಕೊಟ್ಟ. ಸಮಾಜವಾದ ಹೇಗಿದ್ದರೂ ಬರುವುದಾದರೆ ಅದಕ್ಕೊಂದು ಪಕ್ಷವೇಕೆ? ಚಂದ್ರಗ್ರಹಣವನ್ನು ತರುವುದಕ್ಕಾಗಿ ಯಾರೂ ಪಕ್ಷ ಕಟ್ಟುವುದಿಲ್ಲವಲ್ಲ. ಕೆಳಮನೆಯ ಅಕ್ಕ ನಾಲ್ಕು ಸಾವಿರ ಬೀಡಿಯ ಲೆಕ್ಕದಲ್ಲಿ ಹೇಳಿದ್ದೂ ಇದನ್ನೇ. ಮಾರ್ಕ್ಸ್‌ವಾದಿಗಳು ಇದಕ್ಕೆ ಉತ್ತರಗಳನ್ನು ಕೊಟ್ಟಿದ್ದಾರೆ, ನಮ್ಮ ಹೋರಾಟವೇ ಆ ಅನಿವಾರ್ಯತೆಯ ಒಂದು ಭಾಗ ಎಂಬುದು ಅವುಗಳಲ್ಲಿ ಮುಖ್ಯವಾದುದು. ಒಂದು ವರ್ಗದ ಬಗ್ಗೆ ಮಾತಾಡುವಾಗ ಆ ಉತ್ತರ ನಡೆಯಬಹುದು. ಒಬ್ಬ ಮನುಷ್ಯನ ಬಗ್ಗೆ ಮಾತಾಡುವಾಗ ನಡೆಯುವುದಿಲ್ಲ. 1941ರ ಮಾರ್ಚಿಯಲ್ಲಿ ಕಯ್ಯೂರಿನ ರೈತರ ಮೆರವಣಿಗೆಯ ನಡುವೆ ಒಬ್ಬ ಪೊಲೀಸ್ ಪೇದೆ ಹೊಳೆಯಲ್ಲಿ ಮುಳುಗಿ ಸತ್ತ ಪ್ರಕರಣದಲ್ಲಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಆ ನಾಲ್ವರನ್ನು ಅಲ್ಲಿಯವರೆಗೆ ನಡೆಸಿದ್ದು ಚರಿತ್ರೆಯ ನಿಯಮದ ತಿಳಿವಳಿಕೆ ಮಾತ್ರ ಎಂದರೆ ನಾನು ನಂಬಲಾರೆ. ಹೇಗಿದ್ದರೂ ಬರುವ ದಿನಕ್ಕಾಗಿ ಯಾರೂ ಕತ್ತು ಕೊಡುವುದಿಲ್ಲ.

ಕಾಂಟ್‌ನನ್ನು ಸಮಾಜವಾದದ ಅಂಗಳಕ್ಕೆ ಕೈಹಿಡಿದು ಕರೆತಂದವರು ಮಾರ್ಬುರ್ಗ್ ಪಟ್ಟಣದ ಪ್ರಾಧ್ಯಾಪಕರು. ಮೊದಲಿಗ ಫ್ರೀಡ್ರಿಖ್ ಆಲ್ಬರ್ಟ್ ಲಾಂಗೆ. 1865ರಲ್ಲಿಯೇ ಕಾರ್ಮಿಕರ ಪ್ರಶ್ನೆಯನ್ನು ಕುರಿತು ಪುಸ್ತಕ ಬರೆದವನು. ಅವನ ನಂತರ ಹರ್ಮನ್ ಕೊಹೆನ್. ಭೌತವಾದದ ಚರಿತ್ರೆ ಎಂಬ ಲಾಂಗೆಯ ಗ್ರಂಥಕ್ಕೆ 1896ರಲ್ಲಿ ಬರೆದ ಪ್ರಸ್ತಾವನೆಯಲ್ಲಿ ಕೊಹೆನ್, ಜರ್ಮನ್ ಸಮಾಜವಾದದ ನಿಜವಾದ ಮೂಲಪುರುಷ ಕಾಂಟ್ ಎಂದು ಘೋಷಿಸಿದ. ವಿಶ್ವವಿದ್ಯಾಲಯಗಳಲ್ಲಿ ಜರ್ಮನಿಯ ಸಮಾಜವಾದಿ ಪಕ್ಷದವರಾದ ಸೋಶಿಯಲ್ ಡೆಮಾಕ್ರಟರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಒಬ್ಬ ಯಹೂದಿ ಪ್ರಾಧ್ಯಾಪಕ ಹೀಗೆ ಬರೆಯುವುದಕ್ಕೆ ಧೈರ್ಯ ಬೇಕಿತ್ತು.

ಕೊಹೆನ್‌ನ ವಾದ ಸರಳವಾಗಿದೆ, ಅದರ ಸರಳತೆಯೇ ಅದರ ಬಲ. ಮನುಷ್ಯನಿಗೆ ಘನತೆ ಇದೆ, ಬೆಲೆ ಇಲ್ಲ. ಹಾಗಿದ್ದರೆ ದುಡಿಮೆಯ ಮಾರುಕಟ್ಟೆಯ ದರದ ಜತೆಗೆ ದುಡಿಯುವವನ ಘನತೆ ಹೇಗೆ ಹೊಂದಿಕೊಳ್ಳುತ್ತದೆ? ನಾಡಿನ ಸಂಪತ್ತು ಬೆಳೆಯುತ್ತದೆ ಎಂಬ ನೆಪದಿಂದಲೂ ದುಡಿಯುವವನನ್ನು ಬರಿಯ ಸರಕೆಂದು ಲೆಕ್ಕಕ್ಕೆ ಹಿಡಿಯಬಾರದು. ಇಲ್ಲಿ ಮುಖ್ಯವಾದ ತಿರುವು ಏನೆಂದರೆ, ಕಾಂಟ್‌ನ ಆದೇಶ ಇನ್ನು ಮುಂದೆ ಮಾಲೀಕನ ಮನಸ್ಸಿಗೆ ಹೇಳಿದ ಬುದ್ಧಿಮಾತಾಗಿ ಉಳಿಯುವುದಿಲ್ಲ. ಒಳ್ಳೆಯ ಬ್ರಾಂಚಿನವರು ಇರಬಹುದು, ಕೆಟ್ಟವರು ಇರಬಹುದು, ಪ್ರಶ್ನೆ ಅದಲ್ಲ. ಒಬ್ಬರ ಬೆರಳು ಇನ್ನೊಬ್ಬರ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಬಾಬತ್ತಾಗಿ ಮಾತ್ರ ಕಾಣುವಂಥ ಏರ್ಪಾಡೇ ಆದೇಶವನ್ನು ಮೀರುತ್ತದೆ. ಗುರಿಗಳ ರಾಜ್ಯವನ್ನು ಸಂಸ್ಥೆಗಳಲ್ಲಿ ಕಾಣಬೇಕು, ಅದಕ್ಕೆ ದಾರಿ ಸಹಕಾರಿ ಸಂಘಗಳು ಎಂಬುದು ಕೊಹೆನ್‌ನ ನಿಲುವು.

ನಮ್ಮ ಕಡೆಯವರಿಗೆ ಇದು ಅಪರಿಚಿತವಲ್ಲ. ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗಾಗಿ 1966ರಲ್ಲಿ ಬಂದ ಕೇಂದ್ರದ ಕಾಯಿದೆಯನ್ನು ಕೇರಳ ಸರಕಾರ ಜಾರಿಗೆ ತರಹೊರಟಾಗ, ದೊಡ್ಡ ಕಂಪೆನಿಗಳು ಉತ್ತರ ಮಲಬಾರಿನ ಕೆಲಸವನ್ನು ನಿಲ್ಲಿಸಿದವು. ಸಾವಿರಾರು ಮಂದಿ ಬೀದಿಗೆ ಬಿದ್ದರು. ಅವರೇ ಸೇರಿ 1969ರಲ್ಲಿ ಕಟ್ಟಿದ ಸಹಕಾರಿ ಸಂಘ ದಿನೇಶ್ ಬೀಡಿ. ಬೀಡಿ ಶೆಡ್ಡುಗಳಲ್ಲಿ ಒಬ್ಬ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಓದುವವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು ಕಣ್ಣೂರು, ಕಾಸರಗೋಡಿನ ಹಳೆಯ ರೂಢಿ. ಕೊಹೆನ್‌ನ ಪುಸ್ತಕದ ಯಾವ ಪುಟಕ್ಕಿಂತಲೂ ಈ ರೂಢಿಯಲ್ಲಿ ಗುರಿಗಳ ರಾಜ್ಯ ನನಗೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಆದರೆ ನಮ್ಮ ಇಳಿಜಾರಿನ ಹೆಂಗಸರು ಶೆಡ್ಡಿನವರಲ್ಲ, ಮನೆಯಲ್ಲಿ ಕಟ್ಟುವವರು. ಅವರಿಗೆ ಓದಿ ಹೇಳುವವರೂ ಇರಲಿಲ್ಲ, ಸಂಘದ ನೆರಳೂ ಅಷ್ಟಾಗಿ ತಲಪುತ್ತಿರಲಿಲ್ಲ.

ಕೊಹೆನ್‌ನನ್ನು ಇಷ್ಟು ಹೊಗಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. 1914ರಲ್ಲಿ ಯುದ್ಧ ಬಂದಾಗ ಅವನು ಜರ್ಮನಿಯ ಪಕ್ಷ ವಹಿಸಿ ಬರೆದ. ಮನುಷ್ಯತ್ವವೆಲ್ಲ ಗುರಿ ಎಂದವನಿಗೆ ಕಂದಕಗಳಲ್ಲಿ ಸಾಯುವವರು ಯಾವ ಗುರಿಯೆಂದು ಕಂಡರೋ ತಿಳಿಯದು. ಅವನ ಪಾಠ ಕೇಳಿದ ಕುರ್ಟ್ ಐಸ್ನರ್ ಯುದ್ಧವನ್ನು ವಿರೋಧಿಸಿ ಜೈಲಿಗೆ ಹೋದ, 1918ರ ನವೆಂಬರಿನಲ್ಲಿ ಬವೇರಿಯಾದ ಪ್ರಧಾನಿಯಾದ, 1919ರ ಫೆಬ್ರವರಿ 21ರಂದು ಗುಂಡಿಗೆ ಬಲಿಯಾದ. ಗುರುವಿನ ನೀತಿಯನ್ನು ಗುರುವಿಗಿಂತ ಗಂಭೀರವಾಗಿ ತೆಗೆದುಕೊಂಡ ಶಿಷ್ಯ ಎಂದು ಅವನನ್ನು ಕಾಣುತ್ತೇನೆ.

ಸೋಶಿಯಲ್ ಡೆಮಾಕ್ರಟರ ಪಕ್ಷದ ಒಳಗೆ ಈ ಮಾತನ್ನೆತ್ತಿದವನು ಎಡ್ವರ್ಡ್ ಬರ್ನ್‌ಸ್ಟೈನ್. 1899ರ ಅವನ ಪುಸ್ತಕ ಎಬ್ಬಿಸಿದ ಗದ್ದಲ ದೊಡ್ಡದು: ಬಂಡವಾಳಶಾಹಿ ತಾನಾಗಿ ಕುಸಿಯುವ ಲಕ್ಷಣವಿಲ್ಲ, ಸಮಾಜವಾದಕ್ಕೆ ವಿಜ್ಞಾನದ ಜತೆಗೆ ಆದರ್ಶವೂ ಬೇಕು, ಪಕ್ಷಕ್ಕೆ ಒಬ್ಬ ಕಾಂಟ್ ಬೇಕು. ಕೌಟ್ಸ್ಕಿ 1906ರಲ್ಲಿ ಕೊಟ್ಟ ಉತ್ತರದಲ್ಲಿ ನೀತಿಯನ್ನು ಪ್ರಾಣಿಗಳ ಸಾಮಾಜಿಕ ಪ್ರವೃತ್ತಿಯಿಂದ ಬೆಳೆದು ಬಂದದ್ದೆಂದು ವಿವರಿಸಿದ. ವಿವರಣೆಯಾಗಿ ಅದು ಸರಿಯಿರಬಹುದು. ಆದರೆ ಹಸಿದವರ ಜತೆ ನಿಲ್ಲುವ ಪ್ರವೃತ್ತಿ ನಮ್ಮಲ್ಲಿರುವಂತೆ ಗಂಡ ಮಕ್ಕಳ ಹೊಟ್ಟೆ ತುಂಬಿಸುವ ಪ್ರವೃತ್ತಿಯೂ ಇದೆ. ಎರಡು ಎದುರು ಬದುರಾದಾಗ ಯಾವುದನ್ನು ಕೇಳಬೇಕೆಂದು ಪ್ರವೃತ್ತಿಯೇ ಹೇಳುವುದಿಲ್ಲ. ಬೌವರ್‌ನ ಲೇಖನ ಹುಟ್ಟಿದ್ದು ಈ ಜಾಗದಲ್ಲಿ.

ಕಾಂಟ್‌ನ ದಾರಿಯಲ್ಲಿಯೇ ಬಂದ ಇನ್ನೊಬ್ಬ ದಾರ್ಶನಿಕ, ಗೋಟಿಂಗೆನ್‌ನ ಲಿಯೊನಾರ್ಡ್ ನೆಲ್ಸನ್‌ನ ಬಗ್ಗೆ ಒಂದೇ ಮಾತು. ಅವನು ಕಟ್ಟಿದ ಚಿಕ್ಕ ಗುಂಪಿನಲ್ಲಿ ಸದಸ್ಯರು ಮಾಂಸ ತಿನ್ನುವಂತಿರಲಿಲ್ಲ, ಮದ್ಯ ಮುಟ್ಟುವಂತಿರಲಿಲ್ಲ. ಬಹುಮತದ ಮೇಲೆ ಅವನಿಗೆ ನಂಬಿಕೆಯೂ ಇರಲಿಲ್ಲ. ನಮ್ಮ ಕೆಲವು ಮಠಗಳು ನೆನಪಾದರೆ ನನ್ನ ತಪ್ಪಲ್ಲ. ಆದರೆ ಹಿಟ್ಲರನ ಕಾಲದಲ್ಲಿ ಆ ಗುಂಪು ಗುಟ್ಟಾಗಿ ಹೋರಾಡಿತು, ಅದರಲ್ಲಿ ಬೆಳೆದ ವಿಲ್ಲಿ ಐಖ್ಲರ್ ಮುಂದೆ 1959ರ ನವೆಂಬರಿನಲ್ಲಿ ಬಾಡ್ ಗೋಡೆಸ್‌ಬರ್ಗಿನಲ್ಲಿ ಸೋಶಿಯಲ್ ಡೆಮಾಕ್ರಟರು ಒಪ್ಪಿದ ಕಾರ್ಯಕ್ರಮದ ಮುಖ್ಯ ಶಿಲ್ಪಿಯಾದ. ಸಮಾಜವಾದದ ಬೇರು ಕ್ರೈಸ್ತ ನೀತಿ, ಮಾನವತಾವಾದ ಮತ್ತು ಶಾಸ್ತ್ರೀಯ ತತ್ತ್ವಚಿಂತನೆಗಳಲ್ಲಿದೆ ಎಂದು ಅದು ಹೇಳಿತು. ಚರಿತ್ರೆಯ ಅನಿವಾರ್ಯತೆಯ ಸುದ್ದಿಯೇ ಇರಲಿಲ್ಲ. ನೀತಿ ಗೆದ್ದಿತು, ಆದರೆ ದುಡಿಮೆಯ ಮಾರುಕಟ್ಟೆ ಇದ್ದಂತೆ ಉಳಿಯಿತು. ಕೊಹೆನ್ ಕೇಳಿದ ಪ್ರಶ್ನೆಯನ್ನು ಬಿಟ್ಟು ಅವನ ಪದಗಳನ್ನು ಮಾತ್ರ ಉಳಿಸಿಕೊಂಡ ಗೆಲುವು ಅದು ಎಂಬುದು ನನ್ನ ಅನಿಸಿಕೆ.

ಇನ್ನು ಕೆಳಮನೆಯ ಅಕ್ಕನ ವಿಷಯ. ಕಾಂಟ್‌ನ ಅಳತೆಯಿಂದ ನೋಡಿದರೆ ಉತ್ತರ ಕಠಿಣವಾದರೂ ಸ್ಪಷ್ಟ: ಉಳಿದವರೆಲ್ಲ ಕೆಲಸ ನಿಲ್ಲಿಸಿರುವುದರಿಂದಲೇ ಆಚೆಯ ಬ್ರಾಂಚು ಅವರ ಬೀಡಿಯನ್ನು ಕೇಳಿ ಪಡೆಯುತ್ತಿತ್ತು, ಎಲ್ಲರೂ ಹಾಗೆ ಮಾಡಿದರೆ ಮುಷ್ಕರವೇ ಇರುವುದಿಲ್ಲ, ಜತೆಯವರ ಹಸಿವನ್ನು ಅವರು ತಮ್ಮ ಸಾಧನವಾಗಿ ಬಳಸಿದರು. ನಾಲ್ಕು ಸಾವಿರ ಬೀಡಿಯಿಂದ ಗೆಲುವು ನಿಲ್ಲುತ್ತದೋ ಇಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಬಹಳ ಕಾಲ ನಾನು ಈ ಉತ್ತರದಲ್ಲಿ ತೃಪ್ತನಾಗಿದ್ದೆ. ಫಿಖ್ಟೆಯನ್ನು ಓದಿದ ಮೇಲೆ ಆ ತೃಪ್ತಿ ಉಳಿಯಲಿಲ್ಲ. ಕೆಲಸ ನಿಲ್ಲಿಸೋಣವೆಂದು ಊರವರು ಮಾಡಿಕೊಂಡದ್ದೂ ಒಂದು ಒಪ್ಪಂದವೇ. ಅದರ ಒಳಗೆ ಬದುಕಲು ಆಗದವರನ್ನು ಅದು ಎಷ್ಟರಮಟ್ಟಿಗೆ ಕಟ್ಟಿಹಾಕುತ್ತದೆ? ಅಕ್ಕನನ್ನು ಪ್ರಶ್ನಿಸುವ ಹಕ್ಕು ಮೂವರು ಹೆಂಗಸರಿಗೆ ಬರಬೇಕಾದರೆ ಅವರ ಕೈಯಲ್ಲಿ ಏನಿರಬೇಕಿತ್ತು?

ಅಮ್ಮನಿಗೆ ಈಗ ಎಂಬತ್ತು ದಾಟಿದೆ, ಬೆರಳುಗಳು ಮಡಚುವುದಿಲ್ಲ. ಕಳೆದ ಮಳೆಗಾಲದ ಒಂದು ಸಂಜೆ, ಆ ವರ್ಷ ಅಕ್ಕ ಮಾಡಿದ್ದು ತಪ್ಪೇ ಎಂದು ಕೇಳಿದೆ. ತಪ್ಪೇ ಎಂದರು, ತಡವರಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಕೇಳಲಿಕ್ಕೆ ಹೋಗುವಾಗ ನಾವು ಮೂವರೂ ಬರಿಗೈಯಲ್ಲಿ ಹೋದದ್ದು. ಆ ದಿನ ನಮ್ಮ ಮಡಕೆಯಲ್ಲಿ ಎರಡು ಸೇರು ಕುಚ್ಚಲಕ್ಕಿ ಇತ್ತು" ಎಂದರು.